ಕ್ಷೌರದಂಗಡಿಯ ಪರಿಮಳದಲ್ಲಿ ಬಾದಾಮಿ, ಶ್ರೀಗಂಧ

ಗಡ್ಡ ಹೆರೆಸಿಕೊಂಡು ಕುರ್ಚಿಯಿಂದ ಎದ್ದವರ ಮುಖದಲ್ಲಿ ಉಳಿಯುವ ವಾಸನೆಯನ್ನು ಸೀಸೆಗೆ ಇಳಿಸುವ ಸುಗಂಧಗಳಿಗೆ ವ್ಯಾಪಾರದಲ್ಲಿ ಬಾರ್ಬರ್‌ಶಾಪ್ ಬಗೆ ಎಂದು ಹೆಸರು. ಸಾಬೂನಿನ ನೊರೆ, ಪೌಡರು, ಕ್ರೀಮು, ಕೊನೆಯಲ್ಲಿ ಕೆನ್ನೆಗೆ ತಟ್ಟುವ ಚುರುಚುರು ಲೋಷನ್ ಇವೆಲ್ಲ ಸೇರಿ ಮೂಗಿಗೆ ಕೊಡುವ ಶುಚಿಯ ಅನುಭವವೇ ಇದರ ತಿರುಳು. ಈ ಬಗೆಯಲ್ಲಿ ಲ್ಯಾವೆಂಡರ್ ಮುಂದಾಗಿರುವವು ಹೆಚ್ಚು. ಸಿಹಿ ಬಾದಾಮಿ ಮತ್ತು ಶ್ರೀಗಂಧವನ್ನು ಜೋಡಿ ಮಾಡಿದವು ಕಡಿಮೆ. ಆದರೂ ಹೈದರಾಬಾದಿನಂಥ ಊರಿನಲ್ಲಿ ಹಚ್ಚಿಕೊಳ್ಳಲು ಈ ಜೋಡಿಯೇ ಹೆಚ್ಚು ಹೊಂದುತ್ತದೆ. ಅದಕ್ಕೆ ಕಾರಣ ಅರ್ಧ ರಸಾಯನದಲ್ಲಿದೆ, ಇನ್ನರ್ಧ ಈ ಊರಿನ ಬಿಸಿಲಿನಲ್ಲಿ ಮತ್ತು ದಖ್ಖನಿನ ಹಳೆಯ ಅಭ್ಯಾಸಗಳಲ್ಲಿದೆ.

ಸಾಮಾನ್ಯ ಕಟಿಂಗ್ ಸಲೂನಿನಲ್ಲಿ ಈ ಪರಿಮಳ ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಹೈದರಾಬಾದಿನ ಕಾಚಿಗೂಡದಲ್ಲಿರಲಿ, ಮಲ್ಲೇಪಲ್ಲಿಯಲ್ಲಿರಲಿ, ಕ್ರಮ ಹೆಚ್ಚುಕಡಿಮೆ ಒಂದೇ. ಸ್ಪ್ರೇ ಬಾಟಲಿಯಿಂದ ನೀರು, ಟ್ಯೂಬಿನಿಂದ ಕಡಲೆಕಾಳಿನಷ್ಟು ಕ್ರೀಮು, ಬ್ರಷ್ಷು ಎಬ್ಬಿಸುವ ನೊರೆ. ಅರ್ಧ ಬ್ಲೇಡು ಸಿಕ್ಕಿಸಿದ ಕತ್ತಿ ಎರಡು ಸಲ ಆಡಿದ ಮೇಲೆ ಒದ್ದೆ ಕೆನ್ನೆಯ ಮೇಲೆ ಪಟಿಕದ ಗಟ್ಟಿ ಉರುಳುತ್ತದೆ. ಪಟಿಕಕ್ಕೆ ವಾಸನೆಯಿಲ್ಲ, ಅದು ಚರ್ಮವನ್ನು ಬಿಗಿದು, ಸಣ್ಣ ಗೀರುಗಳಿಂದ ಜಿನುಗುವ ರಕ್ತವನ್ನು ನಿಲ್ಲಿಸುತ್ತದೆ. ಆಮೇಲೆ ಲೋಷನ್, ಕತ್ತಿನ ಹಿಂದೆ ಪೌಡರು. ಗಿರಾಕಿ ಒಪ್ಪಿದರೆ ಬಾದಾಮಿಯ ಹೆಸರು ಹೊತ್ತ ಎಣ್ಣೆಯಲ್ಲಿ ತಲೆಗೆ ಚಂಪಿ. ಅಷ್ಟು ಹೊತ್ತಿಗೆ ಹತ್ತಡಿ ಉದ್ದದ ಆ ಕೋಣೆಯಲ್ಲಿ ನಾಲ್ಕೈದು ಕಂಪನಿಗಳ ಪರಿಮಳಗಳು ಒಂದರೊಳಗೊಂದು ಬೆರೆತಿರುತ್ತವೆ. ಯಾರೂ ಅಳತೆ ಮಾಡಿ ಬೆರೆಸಿದ್ದಲ್ಲ ಅದು. ಸುಗಂಧ ಕಟ್ಟುವವರ ಕೆಲಸ, ಹಾಗೆ ತಾನಾಗಿ ಕೂಡಿದ್ದನ್ನು ಅಳತೆಗೆ ತರುವುದು.

ಆ ಕೆಲಸ ಮೊದಲು ಗಟ್ಟಿಯಾಗಿ ನಡೆದದ್ದು ಪ್ಯಾರಿಸಿನಲ್ಲಿ. 1868ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಪರ್ಕಿನ್ ಕೂಮರಿನ್ ಎಂಬ ವಸ್ತುವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ. ಒಣಹುಲ್ಲು ಮತ್ತು ಟೊಂಕಾ ಬೀಜಗಳಲ್ಲಿ ಸಹಜವಾಗಿ ಇರುವ ವಸ್ತು ಅದು. ವಾಸನೆಯಲ್ಲಿ ಒಣಹುಲ್ಲು, ವೆನಿಲ್ಲಾ ಮತ್ತು ಬಾದಾಮಿ ಮೂರರ ನೆರಳೂ ಇದೆ. 1882ರಲ್ಲಿ ಊಬಿಗಾಂ ಸಂಸ್ಥೆಗಾಗಿ ಪಾಲ್ ಪಾರ್ಕೆ ಕಟ್ಟಿದ ಫೂಜೇರ್ ರಾಯಲ್ ಎಂಬ ಸುಗಂಧದಲ್ಲಿ ಲ್ಯಾವೆಂಡರ್, ಓಕ್ ಮರದ ಕಲ್ಲುಹೂವಿನ ಸತ್ವ ಮತ್ತು ಕೂಮರಿನ್ ಒಟ್ಟಿಗೆ ಬಂದವು. ಗಡ್ಡದ ಸಾಬೂನು, ಕ್ರೀಮುಗಳ ತಯಾರಕರು ಈ ಅಚ್ಚನ್ನೇ ಹಿಡಿದರು. 1938ರಲ್ಲಿ ಅಮೆರಿಕದಲ್ಲಿ ಗಂಡಸರಿಗಾಗಿ ಬಂದ ಓಲ್ಡ್ ಸ್ಪೈಸ್ ಇದರ ಪಕ್ಕಕ್ಕೆ ಲವಂಗ, ಚಕ್ಕೆಗಳ ಇನ್ನೊಂದು ದಾರಿ ತೆರೆಯಿತು. ಬಾದಾಮಿ ಬಂದದ್ದು ಸಾಬೂನಿನ ಕಡೆಯಿಂದ. 1899ರಲ್ಲಿ ಮಿಲಾನಿನಲ್ಲಿ ಶುರುವಾದ ಚೆಲ್ಲಾ ಕಂಪನಿಯ ಮೆತ್ತನೆಯ ಗಡ್ಡದ ಸಾಬೂನು ಇಂದಿಗೂ ಬಾದಾಮಿಯ ಘಾಟಿಗೇ ಹೆಸರುವಾಸಿ. ಲಂಡನ್ನಿನಲ್ಲಿ 1875ರಿಂದ ನಡೆಯುತ್ತಿರುವ ಟ್ರಂಪರ್ ಕ್ಷೌರದಂಗಡಿ ಬಾದಾಮಿ ಕ್ರೀಮನ್ನೂ ಶ್ರೀಗಂಧದ ಕ್ರೀಮನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಮಾರುತ್ತದೆ. ಎರಡನ್ನೂ ಒಂದೇ ಸೀಸೆಗೆ ತಂದರೆ ಸಿಗುವುದು ಇಲ್ಲಿ ಹೇಳಹೊರಟಿರುವ ಪರಿಮಳ.

ಸುಗಂಧದಲ್ಲಿ ಬಾದಾಮಿ ಎಂದು ಕರೆಯುವುದು ತಿನ್ನುವ ಬಾದಾಮಿಯ ವಾಸನೆಯಲ್ಲ. ಬೇಗಂ ಬಜಾರಿನ ಸಗಟು ಅಂಗಡಿಗಳಲ್ಲಿ ಮಾಮ್ರಾ, ಗುರ್‌ಬಂದಿ, ಕ್ಯಾಲಿಫೋರ್ನಿಯಾ ಎಂದು ಚೀಲ ಚೀಲ ಬಾದಾಮಿ ಬಾಯಿ ತೆರೆದು ನಿಂತಿರುತ್ತದೆ. ಆ ಚೀಲಕ್ಕೆ ಮೂಗು ಹಾಕಿದರೆ ಗೋಣಿ ಮತ್ತು ಒಣ ಸಿಪ್ಪೆಯ ವಾಸನೆಗಿಂತ ಹೆಚ್ಚಿನದು ಸಿಗುವುದಿಲ್ಲ. ಯುನಾನಿ ಅಂಗಡಿಗಳಲ್ಲಿ ರೋಗನ್ ಬಾದಾಮ್ ಶೀರೀನ್ ಎಂದು ಮಾರುವ ಸಿಹಿ ಬಾದಾಮಿ ಎಣ್ಣೆಯದೂ ಇದೇ ಕಥೆ. ಮಗುವಿನ ಮೈಗೆ ತಿಕ್ಕಲು, ಹಾಲಿಗೆ ನಾಲ್ಕು ಹನಿ ಬೆರೆಸಲು ಹೈದರಾಬಾದಿನ ಮನೆಗಳು ಇಟ್ಟುಕೊಳ್ಳುವ ಈ ಎಣ್ಣೆಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಅದು ಮುಖ್ಯವಾಗಿ ಒಲೀಕ್ ಆಮ್ಲದ ಕೊಬ್ಬು. ಚರ್ಮವನ್ನು ನಯ ಮಾಡುವುದು ಅದರ ಗುಣ.

ಪರಿಮಳ ಇರುವುದು ಕಹಿ ಬಾದಾಮಿಯಲ್ಲಿ. ಅದರಲ್ಲಿ ಅಮಿಗ್ಡಾಲಿನ್ ಎಂಬ ವಸ್ತುವಿದೆ. ಬೀಜವನ್ನು ಜಜ್ಜಿ ನೀರು ತಾಕಿಸಿದ ಕೂಡಲೆ ಬೀಜದೊಳಗಿನ ಕಿಣ್ವಗಳು ಅದನ್ನು ಮೂರಾಗಿ ಒಡೆಯುತ್ತವೆ: ಸಕ್ಕರೆ, ಬೆಂಜಾಲ್ಡಿಹೈಡ್, ಹೈಡ್ರೋಜನ್ ಸಯನೈಡ್. ಮೊದಲನೆಯದು ನಿರುಪದ್ರವಿ, ಎರಡನೆಯದು ಪರಿಮಳ, ಮೂರನೆಯದು ಕೊಲ್ಲುವ ವಿಷ. ಏಪ್ರಿಕಾಟ್, ಪೀಚ್, ಚೆರ್ರಿಗಳ ಗಟ್ಟಿ ಬೀಜದೊಳಗೂ ಇದೇ ವ್ಯವಸ್ಥೆ. ಸುಗಂಧಕ್ಕೆ ಬಳಸುವ ಕಹಿ ಬಾದಾಮಿಯ ತೈಲದಿಂದ ಸಯನೈಡನ್ನು ಪೂರ್ತಿ ತೆಗೆದಿರುತ್ತಾರೆ. ಬಹುಪಾಲು ಸೀಸೆಗಳಲ್ಲಿ ಇರುವುದಂತೂ ಕಾರ್ಖಾನೆಯಲ್ಲಿ ತಯಾರಾದ ಬೆಂಜಾಲ್ಡಿಹೈಡ್. 1832ರಲ್ಲಿ ಜರ್ಮನಿಯ ವೋಲರ್ ಮತ್ತು ಲೀಬಿಗ್ ಕಹಿ ಬಾದಾಮಿ ತೈಲದ ಮೇಲೆ ಪ್ರಕಟಿಸಿದ ಅಧ್ಯಯನ ಸಾವಯವ ರಸಾಯನಶಾಸ್ತ್ರದ ಅಡಿಗಲ್ಲುಗಳಲ್ಲಿ ಒಂದು. ಒಂದು ಪರಿಮಳದ ಬೆನ್ನು ಹತ್ತಿ ಇಡೀ ಶಾಸ್ತ್ರ ಬೆಳೆದ ಇಂಥ ಉದಾಹರಣೆಗಳು ಹೆಚ್ಚಿಲ್ಲ. ಅದೇ ಶತಮಾನದಲ್ಲಿ ಅಗ್ಗದ ಸಾಬೂನುಗಳಿಗೆ ಬಾದಾಮಿ ವಾಸನೆ ಕೊಡಲು ನೈಟ್ರೋಬೆಂಜೀನನ್ನು ಮಿರ್ಬೇನ್ ಎಣ್ಣೆ ಎಂಬ ಹೆಸರಿನಲ್ಲಿ ಸುರಿದದ್ದೂ ಉಂಟು. ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುವ ವಿಷ ಅದು ಎಂಬುದು ತಿಳಿದ ಮೇಲೆ ಸುಗಂಧದಿಂದ ಅದನ್ನು ಕೈಬಿಟ್ಟರು.

ಬರಿಯ ಬೆಂಜಾಲ್ಡಿಹೈಡ್ ಚೂಪಾಗಿರುತ್ತದೆ, ಸಿಹಿಯಾಗಿರುವುದಿಲ್ಲ. ಬೇಕರಿಗಳ ಬಾದಾಮಿ ಎಸೆನ್ಸಿಗೂ ಚೆರ್ರಿ ಎಸೆನ್ಸಿಗೂ ಅದೇ ಮೂಲ. ಆದ್ದರಿಂದ ಏಲಕ್ಕಿ, ಕೇಸರಿ ಹಾಕಿದ ಬಾದಾಮಿ ಹಾಲನ್ನೋ ಹಳೆಯ ಹೈದರಾಬಾದಿನ ಬಾದಾಮ್ ಕಿ ಜಾಲಿ ಎಂಬ ಮಿಠಾಯಿಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಈ ಸುಗಂಧವನ್ನು ಮೊದಲ ಸಲ ಮೂಸಿದವರು ಕೆಮ್ಮಿನ ಸಿರಪ್ಪು ಎಂದೋ ಚೆರ್ರಿ ಕೇಕು ಎಂದೋ ಹೇಳುವುದು ಸಹಜ. ಅವರ ಮೂಗು ಸರಿಯಾಗಿಯೇ ಇದೆ. ಈ ಚೂಪನ್ನು ಮೊಂಡು ಮಾಡಿ ಸಿಹಿಗೆ ತಿರುಗಿಸಲು ಕೂಮರಿನ್, ವೆನಿಲಿನ್, ಹೀಲಿಯೋಟ್ರೋಪಿನ್ ಬೇಕು. ಕೊನೆಯದರ ಹುಟ್ಟು ಕನ್ನಡ ನಾಡಿನ ಓದುಗರಿಗೆ ಕುತೂಹಲ ತರುವಂಥದ್ದು. 1869ರಲ್ಲಿ ಅದನ್ನು ಮೊದಲು ಪಡೆದದ್ದು ಕರಿಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನ್‌ನಿಂದ ಬರುವ ಆಮ್ಲದಿಂದ. ನಾಲಿಗೆ ಸುಡುವ ಮೆಣಸಿನ ಒಡಲಿನಿಂದಲೇ ಪೌಡರಿನಷ್ಟು ಮೃದುವಾದ, ಬಾದಾಮಿ ಮತ್ತು ವೆನಿಲ್ಲಾದ ನಡುವೆ ನಿಲ್ಲುವ ಪರಿಮಳ ಹೊರಟಿತು. ಸಲೂನಿನ ಪೌಡರು ಡಬ್ಬಿಯ ನೆನಪನ್ನು ಈ ಬಗೆಯ ಸುಗಂಧಗಳು ತರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಬಾದಾಮಿಯದು ಹಗುರ ಅಣು. ಬೆಂಜಾಲ್ಡಿಹೈಡ್ ಸುಮಾರು 179 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಶ್ರೀಗಂಧದ ಸ್ಯಾಂಟಲಾಲ್ ಕುದಿಯಲು 300 ಡಿಗ್ರಿಯ ಆಸುಪಾಸು ಬೇಕು. ಚರ್ಮದ ಮೇಲೆ ಯಾವುದೂ ಕುದಿಯುವುದಿಲ್ಲ, ನಿಜ; ಆದರೆ ಯಾವುದು ಬೇಗ ಹಾರುತ್ತದೆ, ಯಾವುದು ಕೂತಿರುತ್ತದೆ ಎಂಬುದಕ್ಕೆ ಈ ಅಂಕಿಗಳು ಒಳ್ಳೆಯ ಸುಳಿವು. ಈ ಸುಗಂಧದ ನಡೆಯೆಲ್ಲ ಇದರಲ್ಲೇ ಅಡಗಿದೆ. ಕೊಳ್ಳುವವರನ್ನು ಸೆಳೆಯುವುದು ಬಾದಾಮಿ, ಹಚ್ಚಿಕೊಂಡವರ ಜೊತೆಗಿರುವುದು ಶ್ರೀಗಂಧ. ಸೀಸೆಯ ಬಾಯಿಗೆ ಮೂಗಿಟ್ಟು ತೀರ್ಮಾನಿಸುವವರು ಬಾದಾಮಿಯನ್ನಷ್ಟೇ ಅಳೆದಿರುತ್ತಾರೆ.

ಶ್ರೀಗಂಧದ ಮಾತು ಬಂದರೆ ಮೈಸೂರಿಗೆ ಹೋಗದೆ ವಿಧಿಯಿಲ್ಲ. ಶ್ರೀಗಂಧ ಅರೆ ಪರಾವಲಂಬಿ ಮರ. ಎಲೆಯಿಂದ ತನ್ನ ಅನ್ನ ತಾನೇ ಮಾಡಿಕೊಂಡರೂ ನೀರು, ಲವಣಗಳಿಗೆ ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಕಚ್ಚಿಸುತ್ತದೆ. ತೋಟದಲ್ಲಿ ಬೆಳೆಯುವವರು ಜೊತೆಗೆ ತೊಗರಿ, ಗಾಳಿಮರ ಹಾಕುವುದು ಇದಕ್ಕೇ. ಹೊರಗಿನ ಬಿಳಿ ಕಟ್ಟಿಗೆಯಲ್ಲಿ ಪರಿಮಳವಿಲ್ಲ. ಹತ್ತಾರು ವರ್ಷಗಳಲ್ಲಿ ಒಳಗೆ ಕಟ್ಟುವ ಕೆಚ್ಚಿನಲ್ಲಿ ಮತ್ತು ಬೇರಿನಲ್ಲಿ ಎಣ್ಣೆ ಇರುತ್ತದೆ. ಹಾಗಾಗಿಯೇ ಈ ಮರವನ್ನು ಕಡಿಯುವುದಕ್ಕಿಂತ ಬೇರುಸಹಿತ ಕೀಳುವುದು ರೂಢಿ. ಕೆಚ್ಚನ್ನು ಪುಡಿ ಮಾಡಿ ಹಬೆಯಲ್ಲಿ ಬಟ್ಟಿ ಇಳಿಸಿದರೆ ತಿಳಿ ಹಳದಿ ಬಣ್ಣದ, ಜೇನಿಗಿಂತ ತುಸು ತೆಳುವಾದ ಎಣ್ಣೆ ಬರುತ್ತದೆ. ಭಾರವಾದ ಅಣುಗಳು ಹಬೆಯ ಜೊತೆ ಏಳಲು ಒಪ್ಪುವುದಿಲ್ಲವಾದ್ದರಿಂದ ಒಂದು ಬಾರಿಯ ಬಟ್ಟಿ ದಿನಗಟ್ಟಲೆ ನಡೆಯುತ್ತದೆ. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಒಳ್ಳೆಯ ಶ್ರೀಗಂಧದ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24 ಇರಬೇಕು. ಹಾಲಿನ ಕೆನೆಯನ್ನು ನೆನಪಿಸುವ ಆ ಮೃದುತ್ವ ಹೆಚ್ಚಾಗಿ ಬೀಟಾದ ಕೊಡುಗೆ.

ಮೈಸೂರು ಸಂಸ್ಥಾನ ಮೊದಲು ಎಣ್ಣೆ ಮಾಡುತ್ತಿರಲಿಲ್ಲ, ಕಟ್ಟಿಗೆಯನ್ನೇ ಮಾರುತ್ತಿತ್ತು. ಹೆಚ್ಚಿನದು ಜರ್ಮನಿಗೆ ಹೋಗಿ ಅಲ್ಲಿ ಬಟ್ಟಿ ಇಳಿಯುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿದಾಗ ಕಟ್ಟಿಗೆ ಗೋದಾಮುಗಳಲ್ಲಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆ, ದಿವಾನರಾಗಿ ಎಂ. ವಿಶ್ವೇಶ್ವರಯ್ಯ, ಕೈಗಾರಿಕೆಗಳನ್ನು ನೋಡಿಕೊಳ್ಳಲು ಆಲ್‌ಫ್ರೆಡ್ ಚಾಟರ್‌ಟನ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಬಟ್ಟಿಯ ವಿಧಾನ ಸಿದ್ಧಮಾಡಿಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಎಣ್ಣೆ ಇಳಿಯತೊಡಗಿತು. ಸಾಬೂನಿನ ತಂತ್ರಜ್ಞರಾದ ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದು ಅದೇ ಎಣ್ಣೆಯಿಂದ ಮೈಸೂರು ಸ್ಯಾಂಡಲ್ ಸೋಪಿನ ಹದ ಕಟ್ಟಿದರು. 1980ರಲ್ಲಿ ಈ ಕಾರ್ಖಾನೆಗಳು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಸರ್ಕಾರಿ ಕಂಪನಿಯಾದವು. ಆ ಸೋಪಿಗೆ ಕರ್ನಾಟಕದ ಆಚೆಗೆ ದೊಡ್ಡ ಮಾರುಕಟ್ಟೆಗಳೆಂದರೆ ತಮಿಳುನಾಡು, ಆಂಧ್ರ ಮತ್ತು ತೆಲಂಗಾಣ. ಕರ್ನಾಟಕ ಸಾಹಿತ್ಯ ಮಂದಿರ ಇರುವ ಕಾಚಿಗೂಡದ ಕನ್ನಡ ಮನೆಗಳಲ್ಲಿ ಮಾತ್ರವಲ್ಲ, ತೆಲುಗು ಮತ್ತು ಉರ್ದು ಮಾತಾಡುವ ಮನೆಗಳ ಬಚ್ಚಲಲ್ಲೂ ಶರಭದ ಗುರುತಿನ ಆ ಮೊಟ್ಟೆಯಾಕಾರದ ಸೋಪು ಕಾಣುತ್ತದೆ. ಹೀಗಾಗಿ ಹೈದರಾಬಾದಿನ ಮೂಗಿಗೆ ಶ್ರೀಗಂಧವೂ ಸಾಬೂನಿನ ಶುಚಿಯೂ ಒಂದೇ ಕಂತೆಯಲ್ಲಿ ಬಂದವು. ಬಾರ್ಬರ್‌ಶಾಪ್ ಬಗೆಯ ಸುಗಂಧಕ್ಕೆ ಇದಕ್ಕಿಂತ ಒಳ್ಳೆಯ ನೆಲ ಸಿಗಲಾರದು. ಯೂರೋಪಿನವರು ಶ್ರೀಗಂಧವನ್ನು ಪೂರ್ವದೇಶಗಳ ಗುಂಗು ಹಿಡಿಸುವ ವಸ್ತುವೆಂದು ಮೂಸುವ ಕಡೆ ಇಲ್ಲಿನವರು ಬೆಳಗಿನ ಸ್ನಾನವನ್ನು ಮೂಸುತ್ತಾರೆ.

ಈಗ ಅಸಲಿ ಶ್ರೀಗಂಧದ ಎಣ್ಣೆ ಕಿಲೋ ಒಂದಕ್ಕೆ ಲಕ್ಷ ರೂಪಾಯಿಯನ್ನೂ ಮೀರುತ್ತದೆ. ಕಳ್ಳಸಾಗಣೆ, ಸ್ಪೈಕ್ ರೋಗ, ಬೆಳೆಗಾರರನ್ನು ದೂರವಿಟ್ಟ ಹಳೆಯ ಕಾನೂನು ಇವೆಲ್ಲ ಸೇರಿ ಕಾಡಿನ ಮರ ಕರಗಿತು. ಖಾಸಗಿ ಜಮೀನಿನಲ್ಲಿ ಬೆಳೆದ ಶ್ರೀಗಂಧವೂ ಸರ್ಕಾರದ್ದೇ ಎಂಬ ಕಟ್ಟಳೆಯನ್ನು ಕರ್ನಾಟಕ 2001ರ ತಿದ್ದುಪಡಿಯಲ್ಲಿ ಕೈಬಿಟ್ಟ ಮೇಲೆ ರೈತರು ನೆಡತೊಡಗಿದರು. ಪಶ್ಚಿಮ ಆಸ್ಟ್ರೇಲಿಯಾದ ಕುನುನುರ್ರಾ ಸುತ್ತ ಇದೇ ಭಾರತೀಯ ತಳಿಯ ದೊಡ್ಡ ತೋಟಗಳಿವೆ. ಆದರೂ ಅಂಗಡಿಯಲ್ಲಿ ಸಿಗುವ ಬಹುತೇಕ ಶ್ರೀಗಂಧದ ಸುಗಂಧಗಳಲ್ಲಿ ಇರುವುದು ಸ್ಯಾಂಡಲೋರ್, ಜಾವನಾಲ್‌ನಂಥ ಕೃತಕ ಅಣುಗಳು. ಅವನ್ನು ಹಳಿಯಬೇಕಾಗಿಲ್ಲ. ಮರ ಉಳಿಯಲು ಅವೂ ನೆರವಾಗಿವೆ. ಬಿಸಿಲಿಗೆ ಬಾಳಿಕೆಯೂ ಹೆಚ್ಚು. ಕೊರತೆ ಎಲ್ಲಿ ಕಾಣುತ್ತದೆಂದರೆ, ಅವು ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತವೆ. ಅಸಲಿ ಎಣ್ಣೆ ಮೊದಲು ತುಸು ಹಸಿ ಕಟ್ಟಿಗೆಯಂತೆ, ಆಮೇಲೆ ಕೆನೆಯಂತೆ, ಕೊನೆಗೆ ಬೆಚ್ಚನೆಯ ಚರ್ಮದಂತೆ ಬದಲಾಗುತ್ತ ಹೋಗುತ್ತದೆ.

ಈ ಎಲ್ಲ ಸೀಸೆಗಳು ಬರುವುದಕ್ಕೆ ಬಹಳ ಮೊದಲೇ ದಖ್ಖನಿನಲ್ಲಿ ಪರಿಮಳ ಒಂದು ವಿದ್ಯೆಯಾಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಭೋಗಗಳ ಪೈಕಿ ಮೈಗೆ ಲೇಪಿಸುವ ಗಂಧಕ್ಕೂ ಧೂಪಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ. ಆ ಕಲ್ಯಾಣ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗ. ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲಕ್ಕೆ ಇತ್ರ್-ಎ-ನೌರಸ್ ಶಾಹಿ ಎಂಬ ಸುಗಂಧ ಗ್ರಂಥ ಪಾರಸಿಯಲ್ಲಿ ಹುಟ್ಟಿತು. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೆತ್ತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನ ದ್ರಾವಣದಲ್ಲಿ ಕಪ್ಪಾಗಿಸುವ ಬಿದರಿ ಕಸುಬಿನವರು ಹೂಜಿ, ಹುಕ್ಕಾ, ಪಾನ್‌ದಾನುಗಳ ಜೊತೆ ಅತ್ತರ್‌ದಾನುಗಳನ್ನೂ ಮಾಡಿದರು. ಮದುವೆ ಮನೆಯಲ್ಲಿ ಅತಿಥಿಗೆ ಅತ್ತರು ಹಚ್ಚಿ ಪಾನ್ ಕೊಡುವ ಮರ್ಯಾದೆ ಹೈದರಾಬಾದಿನಲ್ಲಿ ಇನ್ನೂ ಉಳಿದಿದೆ.

ಅತ್ತರಿನ ವಿಧಾನದಲ್ಲೂ ಶ್ರೀಗಂಧವೇ ಆಧಾರ. ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಹೂವನ್ನು ನೀರಿನೊಂದಿಗೆ ಕಾಯಿಸಿ, ಬಿದಿರಿನ ಕೊಳವೆಯಿಂದ ಬರುವ ಹಬೆಯನ್ನು ಶ್ರೀಗಂಧದ ಎಣ್ಣೆ ತುಂಬಿದ ಇನ್ನೊಂದು ಪಾತ್ರೆಗೆ ಇಳಿಸುತ್ತಾರೆ. ಹೂವಿನ ಪರಿಮಳವನ್ನು ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ. ಶ್ರೀಗಂಧ ದುಬಾರಿಯಾದ ಮೇಲೆ ಅನೇಕ ಕಡೆ ಆ ಜಾಗಕ್ಕೆ ವಾಸನೆಯಿಲ್ಲದ ಪ್ಯಾರಾಫಿನ್ ಎಣ್ಣೆ ಬಂದಿದೆ. ಚಾರ್‌ಮಿನಾರ್ ಸುತ್ತಲಿನ ಪತ್ತರ್‌ಗಟ್ಟಿ, ಲಾಡ್ ಬಜಾರ್, ಗುಲ್ಜಾರ್ ಹೌಜ್ ಕಡೆಯ ಅತ್ತರು ಅಂಗಡಿಗಳಲ್ಲಿ ಕನೌಜಿನ ಖಸ್, ಮಜ್ಮುಆ, ಶಮಾಮಾ ಇರುವ ಕಪಾಟಿನಲ್ಲೇ ಪಶ್ಚಿಮದ ಸುಗಂಧಗಳ ಮಾದರಿಯಲ್ಲಿ ಎಣ್ಣೆಯಲ್ಲಿ ಕಟ್ಟಿದವೂ ಇರುತ್ತವೆ. ಆಲ್ಕೋಹಾಲ್ ಬೆರೆತದ್ದನ್ನು ನಮಾಜಿಗೆ ಮುನ್ನ ಹಚ್ಚಲು ಒಪ್ಪದವರು ಅನೇಕರಿರುವುದರಿಂದ ಎಣ್ಣೆಯ ರೂಪಕ್ಕೆ ಇಲ್ಲಿ ಬೇಡಿಕೆ ಹೆಚ್ಚು. ಬಾದಾಮಿ-ಶ್ರೀಗಂಧದ ಜೋಡಿಗೆ ಈ ರೂಪ ಒಪ್ಪುತ್ತದೆ: ಎಣ್ಣೆಯಲ್ಲಿ ಬಾದಾಮಿ ಒಮ್ಮೆಲೇ ಸಿಡಿಯುವುದಿಲ್ಲ, ನಿಧಾನವಾಗಿ ಏಳುತ್ತದೆ.

ಮೈಮೇಲೆ ಈ ಸುಗಂಧ ನಡೆಯುವ ಬಗೆ ಋತುವಿಗೆ ತಕ್ಕಂತೆ ಬೇರೆ. ಮೇ ತಿಂಗಳಿನಲ್ಲಿ ಹೈದರಾಬಾದಿನ ಹಗಲು 40 ಡಿಗ್ರಿ ದಾಟುವುದು ಸಾಮಾನ್ಯ. ಅಂಥ ದಿನ ಸ್ಪ್ರೇ ಮಾಡಿದ ಕೂಡಲೆ ಬಾದಾಮಿ ಚೆರ್ರಿಯ ಅಂಚಿನೊಂದಿಗೆ ಜೋರಾಗಿ ಏಳುತ್ತದೆ. ಹತ್ತು ಹದಿನೈದು ನಿಮಿಷ ಅದರದೇ ಆಟ. ಈ ಹೊತ್ತಿನಲ್ಲಿ ಮೂರು ನಾಲ್ಕು ಸಲ ಸ್ಪ್ರೇ ಮಾಡಿಕೊಂಡವರು ಮೆಟ್ರೋ ಹತ್ತಿದರೆ ಪಕ್ಕದವರಿಗೆ ಮಿಠಾಯಿ ಅಂಗಡಿಯೊಳಗೆ ಕೂತ ಅನುಭವ. ಅದಾದ ಮೇಲೆ ಹೀಲಿಯೋಟ್ರೋಪಿನ್ ಮತ್ತು ಕೂಮರಿನ್ ಮುಂದೆ ಬಂದು ಪೌಡರಿನ, ನೊರೆಯ ಭಾವ ಕಟ್ಟುತ್ತವೆ. ಲ್ಯಾವೆಂಡರ್ ತುಸು ಇದ್ದರೆ ಸಿಹಿ ಅತಿಯಾಗದಂತೆ ನೋಡಿಕೊಳ್ಳುತ್ತದೆ. ಬಾರ್ಬರ್‌ಶಾಪ್ ಎಂಬ ಹೆಸರಿಗೆ ತಕ್ಕ ಘಟ್ಟ ಇದೇ, ಒಂದೆರಡು ಗಂಟೆ ನಡೆಯುತ್ತದೆ. ಮಧ್ಯಾಹ್ನಕ್ಕೆ ಬಾದಾಮಿಯ ಹಣ್ಣುತನ ಪೂರ್ತಿ ಹೋಗಿ ಶ್ರೀಗಂಧ ಒಂದೇ ಉಳಿಯುತ್ತದೆ, ಅದರ ಅಂಚಿಗೆ ಸಿಹಿಯ ತೆಳ್ಳನೆಯ ಲೇಪ. ಈ ಘಟ್ಟದಲ್ಲಿ ಅದು ದೂರಕ್ಕೆ ಹರಡುವುದಿಲ್ಲ. ಕೈ ಎತ್ತಿ ಮುಖದ ಬಳಿ ತಂದಾಗ, ಯಾರಾದರೂ ಆಲಿಂಗಿಸಿದಾಗ ತಿಳಿಯುವಷ್ಟು ಮಾತ್ರ. ಹಗಲಿಡೀ ಎಸಿ ಕೋಣೆಯಲ್ಲಿ ಕೂರುವ ಹೈಟೆಕ್ ಸಿಟಿಯ ಕೆಲಸಗಾರರಿಗೆ ಇದು ದೊಡ್ಡ ಗುಣ, ಏಕೆಂದರೆ ಮುಚ್ಚಿದ ಕೋಣೆಯಲ್ಲಿ ಸಿಹಿ ಸುಗಂಧಗಳು ಇತರರಿಗೆ ಬೇಗ ತಲೆನೋವಾಗುತ್ತವೆ.

ಡಿಸೆಂಬರ್-ಜನವರಿಯ ಬೆಳಗಿನಲ್ಲಿ ಎಲ್ಲವೂ ನಿಧಾನ. 15 ಡಿಗ್ರಿಯ ಆಸುಪಾಸಿನ ಚಳಿಯಲ್ಲಿ ಬಾದಾಮಿ ಅರ್ಧ ಗಂಟೆಗೂ ಮೀರಿ ಉಳಿಯುತ್ತದೆ, ಚೂಪಿಲ್ಲದೆ ಉಳಿಯುತ್ತದೆ, ಮತ್ತು ಶ್ರೀಗಂಧ ಅದರ ಕೆಳಗಿನಿಂದ ಏಳುವುದನ್ನು ಗಮನಿಸಲು ಸಮಯ ಸಿಗುತ್ತದೆ. ಈ ಜೋಡಿಯ ನಿಜವಾದ ಚೆಲುವು ಕಾಣುವುದು ಆಗಲೇ: ಕೆನೆಯಂಥ ಶ್ರೀಗಂಧವೂ ಹಾಲಿನಂಥ ಬಾದಾಮಿಯೂ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಹೇಳಲಾಗದಷ್ಟು ಸೇರಿಹೋಗುತ್ತವೆ. ಮಳೆಗಾಲದ ತೇವದ ಗಾಳಿಯಲ್ಲಿ ಪೌಡರಿನ ಗುಣ ಮುಂದಾಗುತ್ತದೆ. ಹತ್ತಿ ಬಟ್ಟೆಯ ಮೇಲೆ ಬಿದ್ದ ಶ್ರೀಗಂಧ ಮರುದಿನವೂ ಇರುತ್ತದೆ; ಎಣ್ಣೆಯ ಅತ್ತರನ್ನು ಬಿಳಿ ಕುರ್ತಾಕ್ಕೆ ನೇರ ಸವರಿದರೆ ಕಲೆಯೂ ಇರುತ್ತದೆ. ಹಳಬರು ಹತ್ತಿಯ ಸಣ್ಣ ಉಂಡೆಗೆ ಅತ್ತರು ಸೋಕಿಸಿ ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದುದು ಎರಡು ತೊಂದರೆಗಳನ್ನೂ ತಪ್ಪಿಸುತ್ತಿತ್ತು: ಬಟ್ಟೆಗೆ ಕಲೆಯಿಲ್ಲ, ಚರ್ಮದ ಬಿಸಿಗೆ ಪರಿಮಳ ಒಮ್ಮೆಲೇ ಹಾರುವುದೂ ಇಲ್ಲ.

ಶ್ರೀಗಂಧದ ಅಣುಗಳಿಗೆ ಮೂಗು ಬೇಗ ಒಗ್ಗಿಕೊಳ್ಳುತ್ತದೆ. ಎರಡು ಗಂಟೆಯಲ್ಲಿ ಪರಿಮಳ ಹೋಯಿತೆಂದು ಹಚ್ಚಿಕೊಂಡವರಿಗೆ ಅನ್ನಿಸಿದರೂ ಎದುರಿಗಿರುವವರಿಗೆ ಅದು ಚೆನ್ನಾಗಿ ತಿಳಿಯುತ್ತಿರುತ್ತದೆ. ಕೆಲವರ ಮೂಗಿಗೆ ಕೆಲವು ಕೃತಕ ಶ್ರೀಗಂಧದ ಅಣುಗಳು ಹುಟ್ಟಿನಿಂದಲೇ ತಾಕುವುದಿಲ್ಲ. ಅವರಿಗೆ ಅಂಥ ಸುಗಂಧ ಬಾದಾಮಿಯೊಂದಿಗೆ ಮುಗಿದೇಹೋಗುತ್ತದೆ. ಮೇಲಿಂದ ಮೇಲೆ ಹಚ್ಚಿಕೊಳ್ಳುವ ಮೊದಲು ಮನೆಯ ಇನ್ನೊಬ್ಬರನ್ನು ಕೇಳುವುದು ಒಳ್ಳೆಯದು.

ಗಡ್ಡ ಹೆರೆದ ಕೂಡಲೆ ಆ ಕೆನ್ನೆಗೇ ಸುಗಂಧ ಹಚ್ಚುವುದು ಸರಿಯಲ್ಲ. ಬ್ಲೇಡು ಕೂದಲಿನ ಜೊತೆ ಚರ್ಮದ ಮೇಲ್ಪದರವನ್ನೂ ಒಂದಿಷ್ಟು ತೆಗೆದಿರುತ್ತದೆ. ಮೆಣಸಿನಕಾಯಿಯ ಖಾರವನ್ನೂ ಸುಡುವ ಬಿಸಿಯನ್ನೂ ಗ್ರಹಿಸುವ ನರತುದಿಯ ಗ್ರಾಹಕ ಒಂದಿದೆ. ಸಾಮಾನ್ಯವಾಗಿ 42 ಡಿಗ್ರಿ ಮೀರಿದಾಗ ಎಚ್ಚರಗೊಳ್ಳುವ ಅದನ್ನು ಆಲ್ಕೋಹಾಲ್ ಮೈಬಿಸಿಯಲ್ಲೇ ಎಚ್ಚರಗೊಳಿಸುತ್ತದೆ. ಲೋಷನ್ ತಟ್ಟಿದಾಗ ಆಗುವ ಉರಿ ಇದೇ. ಆಲ್ಕೋಹಾಲ್ ಬೇಗ ಹಾರುವುದರಿಂದ ಆ ಉರಿ ಕ್ಷಣಿಕ; ಲೋಷನ್ನಿನಲ್ಲಿ ಸುಗಂಧದ ಪ್ರಮಾಣವೂ ಕಡಿಮೆ. ಗಾಢ ಸುಗಂಧದಲ್ಲಿ ಕೂಮರಿನ್, ಕಲ್ಲುಹೂವಿನ ಸತ್ವಗಳು ಹೆಚ್ಚಿದ್ದು, ಒಗ್ಗದವರಿಗೆ ಕೆಂಪು ದದ್ದು ಏಳಬಹುದು. ಕಲ್ಲುಹೂವಿನ ಸತ್ವದಲ್ಲಿರುವ ಅಟ್ರನಾಲ್, ಕ್ಲೋರೋಅಟ್ರನಾಲ್‌ಗಳನ್ನು ಯೂರೋಪಿಯನ್ ಒಕ್ಕೂಟ 2017ರ ನಿಯಮದಿಂದ ನಿಷೇಧಿಸಿದ್ದು ಈ ಕಾರಣಕ್ಕೇ. ಮುಖಕ್ಕೆ ಪಟಿಕ ಸಾಕು. ಸುಗಂಧವನ್ನು ಕತ್ತಿನ ಪಕ್ಕ, ಎದೆ, ಮೊಣಕೈ ಒಳಭಾಗಗಳಿಗೆ ಹತ್ತು ನಿಮಿಷ ಬಿಟ್ಟು ಹಚ್ಚಬೇಕು. ಬೇಸಿಗೆಗೆ ಒಂದು ಸ್ಪ್ರೇ, ಚಳಿಗೆ ಎರಡು. ಅತ್ತರಾದರೆ ಕಡ್ಡಿಯ ಒಂದು ಗೀಟು.

ಕೊಳ್ಳುವಾಗ ಅವಸರ ಕೂಡದು. ಪತ್ತರ್‌ಗಟ್ಟಿಯ ಅಂಗಡಿಯವರು ಸೀಸೆಯ ಬಿರಡೆಗೆ ಅಂಟಿದ ಗಾಜಿನ ಕಡ್ಡಿಯನ್ನು ಗಿರಾಕಿಯ ಮುಂಗೈ ಹಿಂಭಾಗಕ್ಕೆ ಎಳೆದು, ಬೆರಳಿನಿಂದ ತಿಕ್ಕದಂತೆ ಹೇಳುತ್ತಾರೆ. ಆ ಮಾತು ಕೇಳಬೇಕು. ತಿಕ್ಕಿದರೆ ಚರ್ಮ ಬಿಸಿಯಾಗಿ ಹಗುರ ಅಣುಗಳು ಹಾರಿಹೋಗುತ್ತವೆ. ಒಂದು ಕೈಗೆ ಒಂದೇ ಸುಗಂಧ ಸಾಕು. ಹಚ್ಚಿಸಿಕೊಂಡು ಲಾಡ್ ಬಜಾರಿನ ಬಳೆ ಅಂಗಡಿಗಳನ್ನು ಸುತ್ತಿ, ಚಹಾ ಕುಡಿದು, ಒಂದೆರಡು ಗಂಟೆಯ ಮೇಲೆ ಮತ್ತೆ ಮೂಸಿ ನೋಡಿದರೆ ಶ್ರೀಗಂಧ ಎಂಥದೆಂಬುದು ತಿಳಿಯುತ್ತದೆ. ಆಗ ಬರೀ ಸಿಹಿ ಉಳಿದು ಕಟ್ಟಿಗೆ ಕಾಣದಿದ್ದರೆ ಆ ಸೀಸೆಯನ್ನು ಬಿಡುವುದೇ ಮೇಲು. ಅತ್ತರನ್ನು ಈಗಲೂ ತೊಲದ ಲೆಕ್ಕದಲ್ಲಿ ಮಾರುತ್ತಾರೆ. ಒಂದು ತೊಲ ಎಂದರೆ ಸುಮಾರು 12 ಎಂಎಲ್ ಸೀಸೆ, ಅದರ ಅರ್ಧ 6, ಕಾಲು 3. ಮೊದಲಿಗೆ 3 ಎಂಎಲ್ ಸಾಕು. ಅಷ್ಟನ್ನು ನೂರು ರೂಪಾಯಿಗೆ ಅಸಲಿ ಶ್ರೀಗಂಧ ಎಂದು ಯಾರಾದರೂ ಕೊಟ್ಟರೆ ಅದು ಅಸಲಿಯಲ್ಲ ಎಂಬುದಕ್ಕೆ ಮೇಲಿನ ಕಿಲೋ ದರವೇ ಸಾಕ್ಷಿ. ಬೆರಕೆಯನ್ನು ಖಚಿತವಾಗಿ ಹಿಡಿಯುವುದು ಮೂಗಿನ ಕೆಲಸವಲ್ಲ, ಅದಕ್ಕೆ ಗ್ಯಾಸ್ ಕ್ರೊಮ್ಯಾಟೊಗ್ರಫಿ ಪರೀಕ್ಷೆಯೇ ಆಗಬೇಕು. ಆದರೆ ಕಟ್ಟಿದ ಸುಗಂಧದಲ್ಲಿ ಕೃತಕ ಶ್ರೀಗಂಧ ಇರುವುದು ಮೋಸವಲ್ಲ; ಅದನ್ನು ಅಸಲಿ ಎಂದು ಹೇಳಿ ಮಾರುವುದು ಮೋಸ.

ಇಟ್ಟುಕೊಳ್ಳುವ ವಿಷಯದಲ್ಲಿ ಬಾದಾಮಿಗೂ ಶ್ರೀಗಂಧಕ್ಕೂ ಸ್ವಭಾವ ವಿರುದ್ಧ. ಬೆಂಜಾಲ್ಡಿಹೈಡ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಬೆಂಜೋಯಿಕ್ ಆಮ್ಲವಾಗುತ್ತದೆ. ಆ ಆಮ್ಲಕ್ಕೆ ಬಾದಾಮಿಯ ಪರಿಮಳವಿಲ್ಲ. ಅರ್ಧ ಖಾಲಿಯಾದ ಸೀಸೆಯಲ್ಲಿ ಗಾಳಿ ಹೆಚ್ಚು, ಹಾಗಾಗಿ ಬಾದಾಮಿ ಬೇಗ ಸೊರಗುತ್ತದೆ. ಸ್ಯಾಂಟಲಾಲ್ ಅಷ್ಟು ಸುಲಭಕ್ಕೆ ಕೆಡುವುದಿಲ್ಲ; ಚೆನ್ನಾಗಿ ಮುಚ್ಚಿಟ್ಟ ಶ್ರೀಗಂಧದ ಎಣ್ಣೆ ವರ್ಷಗಟ್ಟಲೆ ಬಾಳುತ್ತದೆ, ಹಳತಾದಷ್ಟೂ ದುಂಡಾಗುತ್ತದೆ ಎನ್ನುವುದು ಅತ್ತರು ವ್ಯಾಪಾರಿಗಳ ಅನುಭವ. ಆದ್ದರಿಂದ ಈ ಜೋಡಿಯ ಸುಗಂಧವನ್ನು ಸಣ್ಣ ಸೀಸೆಯಲ್ಲೇ ಕೊಳ್ಳಬೇಕು, ಬಿಸಿಲು ಬೀಳುವ ಕನ್ನಡಿ ಕಪಾಟಿನಲ್ಲೋ ಬೇಸಿಗೆಯ ಕಾರಿನೊಳಗೋ ಬಿಡದೆ ಬೀರುವಿನ ಕತ್ತಲಲ್ಲಿ ಬಿರಡೆ ಬಿಗಿದು ಇಡಬೇಕು, ಒಂದೆರಡು ವರ್ಷದೊಳಗೆ ಬಳಸಿ ಮುಗಿಸಬೇಕು. ಬಾದಾಮಿ ಹೋಗಿ ಶ್ರೀಗಂಧ ಮಾತ್ರ ಉಳಿದ ಹಳೆಯ ಸೀಸೆಯನ್ನು ಎಸೆಯುವ ಅಗತ್ಯವಿಲ್ಲ. ಬಣ್ಣ ಕಪ್ಪಾಗಿರದಿದ್ದರೆ, ಕಮಟು ಬಂದಿರದಿದ್ದರೆ ಅದನ್ನು ಬಟ್ಟೆಗೆ ಬಳಸಬಹುದು.